ಮನೆಮಂದಿಗೆಲ್ಲ ಒಂದು ಪತ್ತೇದಾರಿ ಕಾದಂಬರಿ: ನನ್ನ ಓಟು ಕ್ರಿಸ್ಟಿಗೆ

ಒಂದೇ ಒಂದು ಕೊಲೆ ಕಾದಂಬರಿ ಕೊಳ್ಳುವಷ್ಟು ದುಡ್ಡಿದೆ, ಅದನ್ನು ಒಂಬತ್ತನೇ ಕ್ಲಾಸಿನ ಹುಡುಗಿಯೂ ಓದಬೇಕು, ಅವಳ ಅಮ್ಮನೂ ಓದಬೇಕು ಅಂದರೆ ಅಗಾಥಾ ಕ್ರಿಸ್ಟಿಯ 'ಅಂಡ್ ದೆನ್ ದೇರ್ ವರ್ ನನ್' ತೆಗೆದುಕೊಳ್ಳಿ. ಬೇರೆ ಯೋಚನೆಯೇ ಬೇಡ. ಬೇಸಿಗೆ ರಜೆಗೆಂದು ಅಕ್ಕನ ಮಗಳಿಗೆ ನಾನು ಕೊಂಡ, ತರಿಸಿದ, ಲೈಬ್ರರಿಯಿಂದ ತಂದ ಪುಸ್ತಕಗಳಲ್ಲಿ ಇಂಗ್ಲಿಷ್ ಓದುವ ಎಲ್ಲರ ಕೈ ದಾಟಿ, ಪಕ್ಕದ ಮನೆಗೂ ಹೋಗಿ ಬಂದದ್ದು ಅದೊಂದೇ.

ನಮ್ಮ ಮನೆಯ ಓದಿನ ಪದ್ಧತಿ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ತೀರ್ಮಾನವೆಲ್ಲ ಅದರ ಮೇಲೇ ನಿಂತಿದೆ. ಇಲ್ಲಿ ಪುಸ್ತಕ ಯಾರೊಬ್ಬರದ್ದೂ ಅಲ್ಲ. ಹುಡುಗಿ ಮೊದಲು ಓದುತ್ತಾಳೆ. ಅಕ್ಕ ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಹತ್ತು ಪುಟ ಓದಿ ಮಲಗುತ್ತಾಳೆ. ಆಮೇಲೆ ನನ್ನ ಸರದಿ. ಅಮ್ಮ ಕನ್ನಡ ಮಾತ್ರ ಓದುತ್ತಾರೆ. ತಿಂಗಳಿಗೆ ಒಂದು ಪುಸ್ತಕಕ್ಕಿಂತ ಜಾಸ್ತಿ ಕೊಳ್ಳುವುದಿಲ್ಲ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಹೊಸದು ತೆಗೆದುಕೊಳ್ಳುವುದಿಲ್ಲ. ನೀವು ಒಬ್ಬರೇ ಓದುವವರಾದರೆ, ಕೊಂಡಿದ್ದನ್ನು ಕಪಾಟಿನಲ್ಲಿ ಸಾಲಾಗಿ ಇಡುವ ಖುಷಿ ನಿಮಗಿದ್ದರೆ, ನಿಮ್ಮ ಲೆಕ್ಕ ಬೇರೆಯೇ ಆಗಬಹುದು.

ಈಗ ಕ್ರಿಸ್ಟಿ. 1939ರ ಪುಸ್ತಕ. ಇಂಗ್ಲೆಂಡಿನ ಡೆವನ್ ಕರಾವಳಿಯಾಚೆ ಒಂದು ಪುಟ್ಟ ದ್ವೀಪ, ಅದರ ಮೇಲೆ ಒಂದೇ ಮನೆ. ಅಲ್ಲಿಗೆ ಹತ್ತು ಜನ ಬಂದು ಸೇರುತ್ತಾರೆ. ಒಬ್ಬಳಿಗೆ ಸೆಕ್ರೆಟರಿ ಕೆಲಸದ ಆಸೆ, ಒಬ್ಬರಿಗೆ ಹಳೇ ಸ್ನೇಹಿತರ ನೆಪ, ಗಂಡ ಹೆಂಡತಿ ಇಬ್ಬರು ಮನೆಗೆಲಸಕ್ಕೆ ಬಂದವರು. ಕರೆಸಿದ ಯಜಮಾನರು ಮಾತ್ರ ಪತ್ತೆಯಿಲ್ಲ. ರಾತ್ರಿ ಊಟ ಆಗಿ ಕಾಫಿ ಕುಡಿಯುವ ಹೊತ್ತಿಗೆ ಗ್ರಾಮಫೋನಿನಿಂದ ಒಂದು ದನಿ ಏಳುತ್ತದೆ. ಹತ್ತೂ ಜನರ ಹೆಸರು ಹಿಡಿದು, ಇಂಥವರ ಸಾವಿಗೆ ನೀನೇ ಕಾರಣ ಅನ್ನುತ್ತದೆ. ಪ್ರತಿ ಕೋಣೆಯಲ್ಲೂ ಒಂದು ಮಕ್ಕಳ ಪದ್ಯ ತೂಗುಹಾಕಿದ್ದಾರೆ. ಊಟದ ಮೇಜಿನ ಮೇಲೆ ಹತ್ತು ಬೊಂಬೆಗಳಿವೆ. ಪದ್ಯದಲ್ಲಿ ಇದ್ದ ಹಾಗೇ ಒಬ್ಬೊಬ್ಬರು ಸಾಯುತ್ತಾರೆ, ಒಂದೊಂದು ಬೊಂಬೆ ಕಾಣೆಯಾಗುತ್ತದೆ. ದೋಣಿ ಬರುವುದಿಲ್ಲ. ಪತ್ತೇದಾರ ಅಂತ ಕಥೆಯ ನಡುವೆ ಯಾರೂ ಬಂದು ಕಾಪಾಡುವುದಿಲ್ಲ.

ಹುಡುಗಿಗೆ ಬೇಕಾದದ್ದು 'ಯಾರು?' ಅನ್ನುವ ಪ್ರಶ್ನೆ. ಅದು ಮೊದಲ ಸಾವಿನಿಂದ ಕೊನೇ ಪುಟದವರೆಗೂ ಸಡಿಲವಾಗುವುದಿಲ್ಲ. ಅಕ್ಕನಿಗೆ ಹಿಡಿಸಿದ್ದು ಬೇರೆಯೇ. ಎಮಿಲಿ ಬ್ರೆಂಟ್ ಅಂತ ಒಬ್ಬ ಮಡಿವಂತ ಹೆಂಗಸು ಬರುತ್ತಾಳೆ. ಬಸುರಿಯಾದ ಕೆಲಸದ ಹುಡುಗಿಯನ್ನು ಮನೆಯಿಂದ ಹೊರಗೆ ಹಾಕಿದವಳು. ಆ ಹುಡುಗಿ ನೀರಿಗೆ ಬಿದ್ದು ಸತ್ತಳು. ಎಮಿಲಿಗೆ ಅದರ ಬಗ್ಗೆ ಎಳ್ಳಷ್ಟೂ ಬೇಸರವಿಲ್ಲ, ಕೂತು ಹೆಣೆಯುತ್ತಿರುತ್ತಾಳೆ. "ಕೊಲೆಗಾರ ಯಾರಾದ್ರೂ ಆಗ್ಲಿ, ಇವಳಂಥವರನ್ನ ನಾನು ನಮ್ಮ ಬೀದೀಲೇ ನೋಡಿದೀನಿ" ಅಂದಳು ಅಕ್ಕ. ಹದಿನಾಲ್ಕರ ಹುಡುಗಿ ಒಗಟು ಓದಿದಳು, ನಲವತ್ತು ದಾಟಿದವಳು ಮನುಷ್ಯರನ್ನು ಓದಿದಳು. ಪುಸ್ತಕ ಒಂದೇ. ನನಗೆ ಬೇಕಿದ್ದದ್ದು ಇದೇ.

ಇನ್ನೊಂದು ದೊಡ್ಡ ಅನುಕೂಲ, ಸಾವುಗಳಿದ್ದರೂ ಅವನ್ನು ಚಪ್ಪರಿಸಿ ವರ್ಣಿಸುವುದಿಲ್ಲ. ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡಿದವರು. ಯಾವ ವಿಷ ಏನು ಮಾಡುತ್ತದೆ ಅಂತ ಚೆನ್ನಾಗಿ ಗೊತ್ತಿದ್ದರಿಂದ ಎರಡು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಇಂಗ್ಲಿಷ್ ಕೂಡ ಸಲೀಸು, ಮಾತುಕತೆಯೇ ಜಾಸ್ತಿ. ತೊಡಕು ಅಂದರೆ ಮೊದಲ ಅಧ್ಯಾಯದಲ್ಲೇ ಸಾಲುಸಾಲಾಗಿ ಹೆಸರು ಬಂದುಬಿಡುತ್ತವೆ. ವಾರ್‌ಗ್ರೇವ್, ಆರ್ಮ್‌ಸ್ಟ್ರಾಂಗ್, ಲೊಂಬಾರ್ಡ್, ಬ್ಲೋರ್, ಹೀಗೆ. ಬುಕ್‌ಮಾರ್ಕಿಗೆ ಇಟ್ಟ ಚೀಟಿಯಲ್ಲಿ ಹತ್ತು ಹೆಸರು, ಅವರವರ ಕೆಲಸ ಬರೆದುಕೊಂಡರೆ ಆಯಿತು. ಬ್ರಿಟನ್ನಿನಲ್ಲಿ ಮೊದಲು ಅಚ್ಚಾದಾಗ ಹೆಸರಿನಲ್ಲೂ ಪದ್ಯದಲ್ಲೂ ಕರಿಯ ಜನರನ್ನು ಹೀಯಾಳಿಸುವ ಪದವಿತ್ತು. ಈಗಿನ ಪ್ರತಿಗಳಲ್ಲಿ ಅದಿಲ್ಲ. ಹಳೇ ಪುಸ್ತಕದ ಅಂಗಡಿಯಲ್ಲಿ ಕೊಳ್ಳುವಾಗ ಅದೊಂದು ನೋಡಿಕೊಳ್ಳಿ.

ಇದಕ್ಕೆ ಎದುರಾಳಿ ಅಂತ ನಿಜವಾಗಿ ನಿಂತದ್ದು ಹಾಲಿ ಜಾಕ್ಸನ್ ಬರೆದ 'ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್'. 2019ರದ್ದು. ಹೈಸ್ಕೂಲು, ಪಿಯುಸಿ ಮಕ್ಕಳ ನಡುವೆ ಈಗ ಇದರದ್ದೇ ಸುದ್ದಿ, 2024ರಲ್ಲಿ ಸೀರೀಸ್ ಕೂಡ ಬಂತು. ಪಿಪ್ ಅನ್ನುವ ಹುಡುಗಿ ಶಾಲೆಯ ಪ್ರಾಜೆಕ್ಟಿಗೆ ಅಂತ ತನ್ನೂರಿನ ಹಳೇ ಕೊಲೆ ಕೇಸನ್ನು ಕೈಗೆತ್ತಿಕೊಳ್ಳುತ್ತಾಳೆ. ಆಂಡಿ ಬೆಲ್ ಅನ್ನುವ ಹುಡುಗಿಯನ್ನು ಸಾಲ್ ಸಿಂಗ್ ಅನ್ನುವ ಹುಡುಗ ಕೊಂದ ಅಂತ ಊರೆಲ್ಲ ನಂಬಿದೆ. ಪಿಪ್ ನಂಬುವುದಿಲ್ಲ. ನಡುನಡುವೆ ಅವಳ ಪ್ರಾಜೆಕ್ಟ್ ಟಿಪ್ಪಣಿ, ಸಂದರ್ಶನ, ಮೆಸೇಜು ಎಲ್ಲ ಹಾಗ್ಹಾಗೇ ಅಚ್ಚು ಮಾಡಿದ್ದಾರೆ. ಫೋನ್ ಬಿಟ್ಟು ಪುಸ್ತಕ ಹಿಡಿಯದ ಮಕ್ಕಳನ್ನೂ ಇದು ಹಿಡಿದು ಕೂರಿಸುತ್ತದೆ, ಆ ಮಾತು ನಿಜ. ನಮ್ಮ ಹುಡುಗಿ ಊಟದ ತಟ್ಟೆಯ ಪಕ್ಕ ಇಟ್ಟುಕೊಂಡು ಓದಿದಳು.

ತಲೆನೋವು ಶುರುವಾದದ್ದು ಎರಡನೇ ಭಾಗಕ್ಕೆ. 'ಗುಡ್ ಗರ್ಲ್, ಬ್ಯಾಡ್ ಬ್ಲಡ್' ಆನ್‌ಲೈನ್‌ನಲ್ಲಿ ಬೇರೊಬ್ಬ ಮಾರಾಟಗಾರರಿಂದ ತರಿಸಿದೆವು, ಸ್ವಲ್ಪ ಕಡಿಮೆ ಬೆಲೆಗೆ ಸಿಕ್ಕಿತ್ತು. ಓದಲು ಕೂತವಳು ಸ್ವಲ್ಪ ಹೊತ್ತಿಗೇ ಎದ್ದು ಬಂದಳು. "ಚಿಕ್ಕಮ್ಮಾ, ಪಿಪ್ ಊರು ಬಿಟ್ಟು ಹೋದ್ಲಾ? ಇದ್ಯಾವುದೋ ಫೇರ್‌ವ್ಯೂ ಅಂತಿದೆ." ಎರಡೂ ಪುಸ್ತಕ ತೆರೆದು ಪಕ್ಕಪಕ್ಕ ಇಟ್ಟು ನೋಡಿದೆ. ಮೊದಲನೆಯದರಲ್ಲಿ ಪಿಪ್ ಇರುವುದು ಇಂಗ್ಲೆಂಡಿನ ಲಿಟಲ್ ಕಿಲ್ಟನ್‌ನಲ್ಲಿ. ಎರಡನೆಯದರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಫೇರ್‌ವ್ಯೂನಲ್ಲಿ. ಅದೇ ಪಿಪ್, ಅದೇ ಸಾಲ್‌ನ ತಮ್ಮ ರವಿ, ಅದೇ ಹಳೇ ಕೇಸಿನ ಮಾತು, ಆದರೆ ಊರು ಮಾತ್ರ ಸಮುದ್ರ ದಾಟಿತ್ತು.

ಹುಡುಕಿದಾಗ ಗೊತ್ತಾಯಿತು, ಈ ಸರಣಿಗೆ ಬ್ರಿಟಿಷ್ ಮುದ್ರಣ ಬೇರೆ, ಅಮೆರಿಕನ್ ಮುದ್ರಣ ಬೇರೆ. ಅಮೆರಿಕದ ಓದುಗರಿಗೆ ಅಂತ ಊರನ್ನೇ ಬದಲಾಯಿಸಿದ್ದಾರೆ, ಶಾಲೆಯ ಪದ್ಧತಿ, ಪ್ರಾಜೆಕ್ಟಿನ ಹೆಸರು ಎಲ್ಲವನ್ನೂ ಅಲ್ಲಿಗೆ ಹೊಂದಿಸಿದ್ದಾರೆ. ನಮ್ಮಲ್ಲಿ ಎರಡೂ ಸಿಗುತ್ತವೆ. ನಾವು ತರಿಸಿದ ಕಡೆ ಯಾವ ಮುದ್ರಣ ಅನ್ನುವುದಕ್ಕೆ ಒಂದು ಸಾಲೂ ಇರಲಿಲ್ಲ. ವಾಪಸ್ ಮಾಡೋಣ ಅಂದರೆ, ಪುಸ್ತಕ ಹರಿದಿಲ್ಲ, ತಪ್ಪು ಪುಸ್ತಕವೂ ಅಲ್ಲ, ಹಾಗಾಗಿ ಆಗುವುದಿಲ್ಲ ಅಂದರು. ಇದೇನು ಮಹಾ ಅಂತ ನಿಮಗೆ ಅನ್ನಿಸಬಹುದು. ಪತ್ತೇದಾರಿ ಕಥೆಯಲ್ಲಿ ಮಹಾ ವಿಷಯವೇ. ಯಾವ ಮನೆ ಯಾವ ರಸ್ತೆಯಲ್ಲಿದೆ, ಯಾರು ಯಾವ ಕಡೆಯಿಂದ ನಡೆದು ಬಂದರು ಅನ್ನುವುದನ್ನು ನೆನಪಿಟ್ಟುಕೊಂಡು ಓದುವ ಹುಡುಗಿ ಅವಳು. ಹೆಸರು ಬದಲಾದ ಕಡೆಯಲ್ಲೆಲ್ಲ ಇದು ಸುಳಿವೋ, ಮುದ್ರಣದ ವ್ಯತ್ಯಾಸವೋ ಅಂತ ನಿಂತು ನಿಂತು ಓದಬೇಕಾಯಿತು.

ಹಾಗಾಗಿ ಈ ಸರಣಿ ಕೊಳ್ಳುವವರು ಮೂರನ್ನೂ ಒಂದೇ ಅಂಗಡಿಯಲ್ಲಿ, ಕೈಯಲ್ಲಿ ಹಿಡಿದು ನೋಡಿ ಕೊಳ್ಳಿ. ಒಳಗೆ ಲಿಟಲ್ ಕಿಲ್ಟನ್ ಇದ್ದರೆ ಮೂರರಲ್ಲೂ ಅದೇ ಇರಲಿ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಎರಡನೇ ಪುಸ್ತಕ ತೆರೆದ ತಕ್ಷಣ ಮೊದಲನೆಯದರ ಕೊಲೆಗಾರ ಯಾರು ಅಂತ ಹೇಳಿಬಿಡುತ್ತದೆ. ಕಥೆ ಮುಂದುವರಿಯಲು ಅದು ಬೇಕೇನೋ ಸರಿ. ಆದರೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುವ ನಮ್ಮಂಥ ಮನೆಯಲ್ಲಿ ಇದು ಕಷ್ಟ. ಅಕ್ಕ ಒಂದು ರಾತ್ರಿ ಮಂಚದ ಪಕ್ಕ ಇದ್ದ ಎರಡನೇ ಭಾಗವನ್ನೇ ಎತ್ತಿಕೊಂಡಳು. ಅಷ್ಟೇ, ಮೊದಲನೆಯದರ ಗುಟ್ಟು ಹೋಯಿತು. ಅವಳು ಆ ಸರಣಿಯನ್ನು ಆಮೇಲೆ ಮುಟ್ಟಲೇ ಇಲ್ಲ. ಮೂರನೆಯದು 'ಆಸ್ ಗುಡ್ ಆಸ್ ಡೆಡ್' ತುಂಬಾ ಕತ್ತಲಿನ ಪುಸ್ತಕ. ಮೊದಲ ಭಾಗದಲ್ಲೇ ಡ್ರಗ್ಸ್, ಹುಡುಗಿಯರ ಮೇಲಿನ ದೌರ್ಜನ್ಯದ ವಿಷಯ ಬರುತ್ತದೆ. ಹನ್ನೆರಡರ ಮಕ್ಕಳಿಗೆ ಕೊಡಬೇಡಿ. ಹದಿನಾಲ್ಕು ದಾಟಿದವರಿಗೆ ಕೊಟ್ಟು, ಓದಿದ ಮೇಲೆ ಅವರ ಜತೆ ಕೂತು ಮಾತಾಡಿ.

ಕ್ರಿಸ್ಟಿಯಲ್ಲಿ ಈ ಜಂಜಾಟವೇ ಇಲ್ಲ. ಬಹುಪಾಲು ಯಾವುದನ್ನು ಬೇಕಾದರೂ ಮೊದಲು ಓದಬಹುದು, ಕೊಂಡಿದ್ದು ಆ ಒಂದರಲ್ಲೇ ಪೂರ್ತಿಯಾಗುತ್ತದೆ. ಹಾಲಿ ಜಾಕ್ಸನ್‌ರ ಮೂರು ಹೊಸ ಪುಸ್ತಕಕ್ಕೆ ಕೊಡುವ ದುಡ್ಡಿಗೆ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಕ್ರಿಸ್ಟಿಯ ಒಂದು ಸಣ್ಣ ಕಟ್ಟೇ ಬರುತ್ತದೆ.

ದೊಡ್ಡವರಿಗೆ ಮಾತ್ರ ಅಂತಾದರೆ ನನ್ನ ಆಯ್ಕೆ ಜಪಾನಿನ ಕೀಗೊ ಹಿಗಾಶಿನೊ ಬರೆದ 'ದ ಡಿವೋಶನ್ ಆಫ್ ಸಸ್ಪೆಕ್ಟ್ ಎಕ್ಸ್'. 2005ರ ಕಾದಂಬರಿ, ಇಂಗ್ಲಿಷಿಗೆ 2011ರಲ್ಲಿ ಬಂತು. ಕೊಲೆ ಯಾರು ಮಾಡಿದರು ಅಂತ ಶುರುವಿನಲ್ಲೇ ಗೊತ್ತಾಗುತ್ತದೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಇಶಿಗಾಮಿ ಅದನ್ನು ಹೇಗೆ ಮುಚ್ಚಿದರು ಅನ್ನುವುದೇ ಒಗಟು. ಅವರ ಹಳೇ ಕಾಲೇಜು ಗೆಳೆಯ, ಭೌತಶಾಸ್ತ್ರದ ಯುಕಾವಾ, ಪೊಲೀಸರಿಗೆ ನೆರವಾಗಲು ಬಂದ ಮೇಲೆ ಕಥೆ ಬಿಗಿಯಾಗುತ್ತದೆ. 'ದೃಶ್ಯ' ಸಿನಿಮಾ ಇಷ್ಟಪಟ್ಟವರು ಇದನ್ನು ಬಿಡುವುದಿಲ್ಲ. ಕೊನೆಯಲ್ಲಿ ನನಗೆ ಕಣ್ಣು ತುಂಬಿ ಬಂತು. ಪತ್ತೇದಾರಿ ಪುಸ್ತಕ ಓದಿ ಹಾಗಾಗುವುದು ಅಪರೂಪ. ಹುಡುಗಿಗೆ ಮಾತ್ರ ಅರ್ಧಕ್ಕೆ ಬೇಸರವಾಯಿತು. ಒಂಟಿತನ ಅಂದರೇನು ಅಂತ ಸ್ವಲ್ಪ ಗೊತ್ತಿದ್ದವರಿಗೆ ಈ ಪುಸ್ತಕ.

ಹತ್ತು, ಹನ್ನೊಂದು, ಹನ್ನೆರಡರ ಮಕ್ಕಳಿಗೆ ಸತ್ಯಜಿತ್ ರಾಯ್ ಅವರ ಪತ್ತೇದಾರ ಫೆಲುದಾನ ಕಥೆಗಳು. ಕಥೆ ಹೇಳುವವನೇ ತೋಪ್ಶೆ ಅನ್ನುವ ಹುಡುಗ. ಜೈಸಲ್ಮೇರಿನ ಕೋಟೆ ಬರುವ 'ಸೋನಾರ್ ಕೆಲ್ಲಾ'ದಿಂದ ಶುರು ಮಾಡಿಸಿ, ಇವರ ಜತೆ ಸೇರುವ ಪತ್ತೇದಾರಿ ಲೇಖಕ ಜಟಾಯು ಮೊದಲ ಸಲ ಕಾಣಿಸಿಕೊಳ್ಳುವುದೂ ಅದರಲ್ಲೇ. ಗೋಪಾ ಮಜುಮ್‌ದಾರ್ ಅವರ ಇಂಗ್ಲಿಷ್ ಅನುವಾದ ಸರಾಗವಾಗಿದೆ. ಎಲ್ಲ ಕಥೆ ಸೇರಿಸಿದ ದಪ್ಪ ಸಂಪುಟ ಮಲಗಿಕೊಂಡು ಓದಲು ಆಗದಷ್ಟು ಭಾರ, ಬಿಡಿ ಪುಸ್ತಕಗಳೇ ವಾಸಿ.

ಷರ್ಲಾಕ್ ಹೋಮ್ಸ್ ಸಣ್ಣಕಥೆಗಳು ಚಿನ್ನ. ಆದರೆ ಮೊದಲ ಕಾದಂಬರಿ 'ಎ ಸ್ಟಡಿ ಇನ್ ಸ್ಕಾರ್ಲೆಟ್' ನಡುವೆ ಇದ್ದಕ್ಕಿದ್ದಂತೆ ಅಮೆರಿಕದ ಯೂಟಾಕ್ಕೆ ಹೋಗಿಬಿಡುತ್ತದೆ, ಮಕ್ಕಳು ಅಲ್ಲೇ ಕೈಬಿಡುತ್ತಾರೆ. 'ಗಾನ್ ಗರ್ಲ್' ದೊಡ್ಡವರಿಗೆ ಮಾತ್ರ.

ಹರಿಣಿ ನಾಗೇಂದ್ರ ಅವರ 'ದ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್' 2022ರಲ್ಲಿ ಬಂದದ್ದು. 1921ರ ಬೆಂಗಳೂರು, ಸೆಂಚುರಿ ಕ್ಲಬ್ಬಿನ ಔತಣ, ಅಲ್ಲೊಂದು ಕೊಲೆ. ಗಣಿತದ ಹುಚ್ಚಿರುವ ಹತ್ತೊಂಬತ್ತರ ಕಾವೇರಿ ಸೀರೆಯುಟ್ಟೇ ಪತ್ತೇದಾರಿಕೆಗೆ ಇಳಿಯುತ್ತಾಳೆ, ಡಾಕ್ಟರ್ ಗಂಡ ರಾಮು ಜತೆಗಿರುತ್ತಾನೆ. ಕೊನೆಯಲ್ಲಿ ಅಡುಗೆಗಳನ್ನೂ ಕೊಟ್ಟಿದ್ದಾರೆ. ಒಗಟು ಅಷ್ಟೇನೂ ಬಿಗಿಯಿಲ್ಲ, ಅರ್ಧ ದಾರಿಯಲ್ಲೇ ಊಹಿಸಬಹುದು. ನಮ್ಮೂರಿನ ಹಳೇ ಬೀದಿ, ಮರ, ಕೆರೆ ಇಷ್ಟಪಡುವವರಿಗೆ ಖುಷಿ ಕೊಡುತ್ತದೆ. ಅಕ್ಕನಿಗೆ ಇದು ಎರಡನೇ ಸ್ಥಾನ.

ಇನ್ನು ಅಮ್ಮ. ಚಿಕ್ಕಂದಿನಲ್ಲಿ ಬಾಡಿಗೆ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮ' ತಂದು ಓದಿದವರು. ನೂರಾರು ಪತ್ತೇದಾರಿ ಕಾದಂಬರಿ ಬರೆದ ಅವರು ಒಂದು ತಲೆಮಾರಿಗೆ ಓದುವ ರುಚಿ ಹತ್ತಿಸಿದರು. ಹಳೇ ಪ್ರತಿ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಈ ಸಲ ಅಮ್ಮನಿಗೆ ಕೊಟ್ಟದ್ದು ತೇಜಸ್ವಿಯವರ 'ಜುಗಾರಿ ಕ್ರಾಸ್'. ಏಲಕ್ಕಿ ಬೆಳೆಯುವ ಸುರೇಶ, ಗೌರಿ ದಂಪತಿ ಮಲೆನಾಡಿನ ಕಳ್ಳದಂಧೆಯ ಬಲೆಗೆ ಸಿಕ್ಕಿಬೀಳುವ ಕಥೆ. ನಡುವೆ ಹಳೇ ಕಾವ್ಯವೊಂದರಲ್ಲಿ ಅಡಗಿದ ಗುಟ್ಟು ಬೇರೆ. ಎಲ್ಲ ಒಂದು ದಿನದ ಅವಧಿಯಲ್ಲಿ ನಡೆದುಹೋಗುತ್ತದೆ, ಉಸಿರು ಬಿಡಲು ಸಮಯ ಕೊಡುವುದಿಲ್ಲ.

ನಮ್ಮ ಹುಡುಗಿಯ ಕನ್ನಡದ ಓದು ನಿಧಾನ. ಅಜ್ಜಿ ಗಟ್ಟಿಯಾಗಿ ಓದುವುದು, ಇವಳು ಅವರೆಕಾಯಿ ಸುಲಿಯುತ್ತಾ ಕೇಳುವುದು, ಹೀಗೇ ಮುಗಿಯಿತು. ಒಂದು ಸಂಜೆ ಅಜ್ಜಿ ಕನ್ನಡಕ ತೆಗೆದಿಟ್ಟ ಮೇಲೆ ಇವಳು ತಾಳಲಾರದೆ ಮುಂದಿನ ಪುಟಗಳನ್ನು ಬೆರಳಿಟ್ಟುಕೊಂಡು ತಾನೇ ಓದಿದಳು. ಕನ್ನಡದಲ್ಲಿ ಓದುವ ಹಿರಿಯರು ಮನೆಯಲ್ಲಿದ್ದರೆ ಕ್ರಿಸ್ಟಿಯ ಜತೆ ಇದನ್ನೂ ಕೊಳ್ಳಿ, ಬೆಲೆಯೂ ಕಮ್ಮಿ. ಅವರದ್ದೇ 'ಚಿದಂಬರ ರಹಸ್ಯ'ದಲ್ಲೂ ಕೆಸರೂರಿಗೆ ತನಿಖೆಗೆ ಬರುವ ಅಂಗಾಡಿ ಇದ್ದಾನೆ, ಸಂಶಯದ ಸಾವಿದೆ. ಆದರೆ ಕೊನೇ ಪುಟದಲ್ಲಿ ಕೊಲೆಗಾರನನ್ನು ನಿಲ್ಲಿಸಿ ತೋರಿಸುವ ಪುಸ್ತಕ ಅಲ್ಲ ಅದು. ಅದನ್ನು ಪತ್ತೇದಾರಿ ಅಂತ ಹೇಳಿ ಮಕ್ಕಳ ಕೈಗೆ ಕೊಡಬೇಡಿ.

ಮುಂದಿನ ತಿಂಗಳ ಪುಸ್ತಕವೂ ಕ್ರಿಸ್ಟಿಯದೇ. ಹುಡುಗಿ 'ದ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್' ಬೇಕು ಅನ್ನುತ್ತಿದ್ದಾಳೆ. 1926ರದ್ದು, ನನ್ನ ಪ್ರಕಾರ ಅವರ ಅತ್ಯಂತ ಧೈರ್ಯದ ಪುಸ್ತಕ. ಅದಕ್ಕೆ ಮೊದಲು ಕ್ರಿಸ್ಟಿಯ ಪತ್ತೇದಾರ ಪ್ವಾರೋ ಬರುವ 'ದ ಎ.ಬಿ.ಸಿ. ಮರ್ಡರ್ಸ್' ಓದಲಿ ಅಂತ ನಾನು ಹೇಳಿದ್ದೇನೆ. ಅಕ್ರಾಯ್ಡ್ ಬಗ್ಗೆ ಅಂತರ್ಜಾಲದಲ್ಲಿ ಏನನ್ನೂ ಹುಡುಕಬಾರದು, ಹಿಂಬದಿ ರಕ್ಷಾಪುಟವನ್ನೂ ಓದಬಾರದು. ನಾನು ಅದಕ್ಕೆ ಈಗಲೇ ಪೇಪರ್ ಬೈಂಡ್ ಹಾಕಿ ಇಟ್ಟಿದ್ದೇನೆ.