ಹಳೆಯ ಕಾರಿನ ಸ್ಟೇರಿಂಗ್ ಬಿಗಿ ಮಾಡಿಸುವ ಮುನ್ನ ಬೇರಿಂಗ್ ನೋಡಿಸಿ

ಹಳೆಯ ಕಾರುಗಳನ್ನು ಮನೆಯಲ್ಲಿ ಜೋಪಾನ ಮಾಡಿಕೊಂಡು ಬಂದಿರುವ ಬೆಳಗಾವಿ, ಬಾಗಲಕೋಟೆ ಕಡೆಯವರಿಗೆ ಒಂದು ಮಾತು ಹೇಳಲೇಬೇಕಾಗಿದೆ. ಸ್ಟೇರಿಂಗ್‌ನಲ್ಲಿ ಪ್ಲೇ (ಚಕ್ರ ತಿರುಗಿಸಿದರೂ ಕಾರು ತಿರುಗದಷ್ಟು ಸಡಿಲ) ಹೆಚ್ಚಾಗಿದೆ ಎಂದು ಗ್ಯಾರೇಜಿಗೆ ಒಯ್ದಾಗ, ಸ್ಟೇರಿಂಗ್ ಬಾಕ್ಸ್ (ಸ್ಟೇರಿಂಗ್ ತಿರುವನ್ನು ಮುಂದಿನ ಗಾಲಿಗಳ ಕಡೆಗೆ ಸಾಗಿಸುವ ಗೇರಿನ ಪೆಟ್ಟಿಗೆ) ಬಿಚ್ಚದೆಯೇ ಅಡ್ಜಸ್ಟ್‌ಮೆಂಟ್ ಬಿಗಿ ಮಾಡಿ, ಒಳಗೆ ಗ್ರೀಸ್ ತುಂಬಿ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ನಮ್ಮ ಕಾಕಾ ಅವರ 1930ರ ಫೋರ್ಡ್ ಮಾಡೆಲ್ ಎ ಕಾರಿಗೆ ಬೆಳಗಾವಿಯ ಒಂದು ಗ್ಯಾರೇಜಿನಲ್ಲಿ ಹೀಗೆಯೇ ಮಾಡಿದರು. ಬಾಗಲಕೋಟೆಗೆ ಮರಳುವಾಗ, ಯರಗಟ್ಟಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಸ್ಟೇರಿಂಗ್ ಅರ್ಧಕ್ಕೇ ಹಿಡಿದುಕೊಂಡಿತು. ವೇಗ ಕಡಿಮೆ ಇತ್ತು, ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿರಲಿಲ್ಲ; ಕಾರು ರಸ್ತೆ ಬಿಟ್ಟಿಳಿದು ಹೊಲದ ಬದುವಿಗೆ ತಾಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ.

ಈ ಕಾರಿನ ಸ್ಟೇರಿಂಗ್ ಬಾಕ್ಸಿನಲ್ಲಿ ಒಂದು ವರ್ಮ್ (ಸ್ಕ್ರೂವಿನಂಥ ಗೇರ್), ಅದರೊಂದಿಗೆ ಹಲ್ಲು ಕೂಡಿಸಿದ ಒಂದು ಸೆಕ್ಟರ್ (ಗೇರ್ ಚಕ್ರದ ತುಂಡು) ಇರುತ್ತವೆ. ವರ್ಮಿನ ಮೇಲೊಂದು, ಕೆಳಗೊಂದು ಟೇಪರ್ ರೋಲರ್ ಬೇರಿಂಗ್ (ಒಂದು ಕಡೆ ಕಿರಿದಾದ ರೋಲರುಗಳ ಬೇರಿಂಗ್). ಕಾರು ಬಹುಪಾಲು ನೇರವಾಗಿಯೇ ಓಡುವುದರಿಂದ ಹಲ್ಲುಗಳು ನಡುವಿನಲ್ಲಿ ಹೆಚ್ಚು ಸವೆಯುತ್ತವೆ, ಎರಡೂ ಕೊನೆಗಳಲ್ಲಿ ಕಡಿಮೆ ಸವೆಯುತ್ತವೆ. ಆದ್ದರಿಂದ ನಡುವಿನ ಪ್ಲೇ ಪೂರ್ತಿ ಹೋಗುವಷ್ಟು ಬಿಗಿ ಮಾಡಿದರೆ, ಚಕ್ರ ಹೊರಳಿಸಿದಾಗ ಸವೆಯದ ಹಲ್ಲುಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ, ಆ ಒತ್ತಡವೆಲ್ಲ ನೇರವಾಗಿ ಬೇರಿಂಗುಗಳ ಮೇಲೆ ಬೀಳುತ್ತದೆ. ಬೇರಿಂಗ್ ಮೊದಲೇ ಹಾಳಾಗಿದ್ದರೆ ಅದು ಅಲ್ಲಿಗೇ ಮುಗಿಯಿತು.

ಬೆಳಗಾವಿಯ ಉದ್ಯಮಬಾಗದ ಹಿರಿಯ ಮಿಸ್ತ್ರಿಯೊಬ್ಬರು ಕಾಕಾ ಅವರ ಕಾರಿನ ಬಾಕ್ಸ್ ಬಿಚ್ಚಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಕೆಳಗಿನ ಬೇರಿಂಗಿನ ಕೇಜ್ (ರೋಲರುಗಳನ್ನು ಹಿಡಿದಿಡುವ ಚೌಕಟ್ಟು) ಮುರಿದು, ಎರಡು ರೋಲರುಗಳು ಅಡ್ಡ ಬಿದ್ದಿದ್ದವು. ಕಪ್ಪಿನ (ರೋಲರುಗಳು ಉರುಳುವ ಹೊರಬಳೆಯ) ಒಳಮೈಯಲ್ಲಿ ರೋಲರುಗಳ ಅಂತರಕ್ಕೆ ಸರಿಯಾಗಿ ಉಗುರಿಗೆ ಸಿಗುವಂಥ ಗೆರೆಗಳು ಕೂತಿದ್ದವು. ಅವು ಒಂದು ದಿನದಲ್ಲಿ ಬಿದ್ದ ಗೆರೆಗಳಲ್ಲ. ಮೇಲಿನ ಬೇರಿಂಗಿನಲ್ಲಿ ಎಣ್ಣೆಯ ಪಸೆಯೂ ಇರಲಿಲ್ಲ, ತುಕ್ಕು ಹಿಡಿದಿತ್ತು. ತುಂಬಿದ್ದ ಗ್ರೀಸಿನಲ್ಲಿ ವರ್ಮ್ ತನ್ನಷ್ಟಕ್ಕೆ ಒಂದು ದಾರಿ ಕೊರೆದುಕೊಂಡಿತ್ತು, ಪಕ್ಕಕ್ಕೆ ಸರಿದ ಗ್ರೀಸ್ ಮತ್ತೆ ಹರಿದು ಬಂದಿರಲಿಲ್ಲ. ಈ ಬಾಕ್ಸಿಗೆ ಬೇಕಾದದ್ದು 600ಡಬ್ಲ್ಯೂ ಜಾತಿಯ ದಪ್ಪ ಗೇರ್ ಎಣ್ಣೆ, ಗ್ರೀಸ್ ಅಲ್ಲ. ಸ್ಟೇರಿಂಗ್ ಕಂಬದೊಳಗೆ ಲೈಟಿನ ಸ್ವಿಚ್ಚಿನ ರಾಡ್ ಹಾದುಹೋಗುವ ನಳಿಕೆಯಿಂದ ಎಣ್ಣೆ ಸೋರುವುದು ಈ ಕಾರಿನ ಹಳೆಯ ರೋಗ. ಸೋರಿಕೆ ನಿಲ್ಲಿಸುವ ಬದಲು ಗ್ರೀಸ್ ತುಂಬುವುದು ಗ್ಯಾರೇಜುಗಳ ಸುಲಭದ ದಾರಿ. ಅದಕ್ಕೆ ಹಣ ಪಡೆದು, ಕಾರು ಓಡಿಸುವವರ ಜೀವವನ್ನು ಅಪಾಯಕ್ಕೆ ಒಡ್ಡುವುದನ್ನು ನಾನು ಸಣ್ಣ ತಪ್ಪೆಂದು ಒಪ್ಪುವುದಿಲ್ಲ.

ಪ್ಲೇ ಇದೆ ಎಂದಾಕ್ಷಣ ಬಾಕ್ಸನ್ನೇ ದೂರಬಾರದು. ಕಿಂಗ್ ಪಿನ್ (ಮುಂದಿನ ಚಕ್ರ ಹೊರಳುವ ಗೂಟ) ಬುಷ್, ಟೈ ರಾಡ್ (ಎರಡು ಮುಂದಿನ ಚಕ್ರಗಳನ್ನು ಕೂಡಿಸುವ ಸಲಾಕೆ) ಮತ್ತು ಡ್ರ್ಯಾಗ್ ಲಿಂಕಿನ (ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಸಲಾಕೆಯ) ಬಾಲ್‌ಗಳು, ಮುಂದಿನ ಚಕ್ರದ ಬೇರಿಂಗುಗಳನ್ನು ಮೊದಲು ಅಲುಗಿಸಿ ನೋಡಬೇಕು. ಅವೆಲ್ಲ ಸರಿಯಿದ್ದರೆ ಡ್ರ್ಯಾಗ್ ಲಿಂಕ್ ಕಳಚಿ, ಸ್ಟೇರಿಂಗ್ ಚಕ್ರವನ್ನು ಎರಡು ಬೆರಳಿನಿಂದ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ ತಿರುಗಿಸಬೇಕು. ಮರಳು ಅರೆದಂತೆ ಗರಗರ ಎಂದರೆ, ಅಥವಾ ನಡುವಿನಲ್ಲಿ ಟಕ್ಕೆಂದು ಒಂದು ಕುಳಿಯೊಳಗೆ ಬಿದ್ದಂತೆ ಕೈಗೆ ತಾಗಿದರೆ ಬೇರಿಂಗ್ ಹೋಗಿದೆ ಎಂದೇ ತಿಳಿಯಬೇಕು. ಅದನ್ನು ಬಿಗಿ ಮಾಡಿ ಮುಚ್ಚಿಹಾಕಲಾಗದು. ಸ್ಟೇರಿಂಗ್ ಚಕ್ರವನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಎಳೆದಾಗ ಶಾಫ್ಟ್ ಸರಿದರೆ ಅದು ವರ್ಮಿನ ಎಂಡ್ ಪ್ಲೇ. ಮೊದಲು ಅದನ್ನು ಸರಿಪಡಿಸಿ, ಹಲ್ಲುಗಳ ಹೊಂದಾಣಿಕೆಯನ್ನು ಆಮೇಲೆ ನೋಡಬೇಕು. ರಿಪೇರಿಯಾದ ಕಾರು ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರದೆ ಹೋದರೆ, ಬಾಕ್ಸ್ ಅತಿಯಾಗಿ ಬಿಗಿಯಾಗಿದೆಯೇ ಎಂದು ಮೊದಲು ನೋಡಬೇಕು. ಅಂಥ ಕಾರನ್ನು ಗ್ಯಾರೇಜಿನಿಂದ ಹೊರಗೆ ತರಬೇಡಿ.

ಬೇರಿಂಗ್ ಬದಲಿಸುವಾಗ ಕೋನ್ (ರೋಲರುಗಳಿರುವ ಒಳಬಳೆ) ಮತ್ತು ಕಪ್ ಎರಡನ್ನೂ ಜೊತೆಯಾಗಿಯೇ ಹಾಕಿಸಿ. ಗೆರೆ ಬಿದ್ದ ಹಳೆಯ ಕಪ್ಪಿನಲ್ಲಿ ಹೊಸ ಕೋನ್ ಬಾಳುವುದಿಲ್ಲ. ಮಾಡೆಲ್ ಎ ಬಿಡಿಭಾಗಗಳನ್ನು ಅಮೆರಿಕದಲ್ಲಿ ಇಂದಿಗೂ ತಯಾರಿಸುತ್ತಾರೆ, ತರಿಸಿಕೊಳ್ಳಬಹುದು. ಬಿಚ್ಚಿದ ಹಳೆಯ ಬೇರಿಂಗುಗಳನ್ನು ಕೇಳಿ ಪಡೆದು, ಸೀಮೆಎಣ್ಣೆಯಲ್ಲಿ ತೊಳೆದು, ಬೆಳಕಿನಲ್ಲಿ ನೀವೇ ನೋಡಿದ ಮೇಲೆ ಬಿಲ್ಲಿನ ಹಣ ಕೊಡಿ.