ಹಳೆಯ ಪೋಲೋ ಜಿಟಿ ಟಿಎಸ್‌ಐ ಕೊಳ್ಳುವ ಮುಂಚೆ: ವರ್ಷಗಟ್ಟಲೆ ಓಡಿಸಿದವನ ಮಾತು

ನನ್ನ ಹತ್ತಿರ ಇರೋದು 2014ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. ಸೆಕೆಂಡ್‌ಹ್ಯಾಂಡ್ ತಗೊಂಡಿದ್ದು. ಮೈಸೂರಿನಲ್ಲಿ ದಿನದ ಓಡಾಟಕ್ಕೂ ಇದೇ, ಊರಿಗೆ ಹೋಗೋಕೂ ಇದೇ. ಓಡೋಮೀಟರ್ ಲಕ್ಷ ದಾಟಿದೆ. ಹಳೇ ಜಿಟಿ ತಗೊಳ್ಳಲಾ ಬೇಡವಾ ಎಂದು ಗೆಳೆಯರು ಆಗಾಗ ಕೇಳುತ್ತಾರೆ. ನನ್ನ ಉತ್ತರ ಯಾವಾಗಲೂ ಒಂದೇ: ಗೇರ್‌ಬಾಕ್ಸ್ ಚೆನ್ನಾಗಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಗೇರ್‌ಬಾಕ್ಸ್ ಬಗ್ಗೆ ಅನುಮಾನ ಇದ್ದರೆ ಬಣ್ಣ, ಅಲಾಯ್, ಕಡಿಮೆ ಕಿಲೋಮೀಟರ್ ಯಾವುದಕ್ಕೂ ಮರುಳಾಗಬೇಡಿ.

ಮೊದಲು ಕಾರಿನ ಬಗ್ಗೆ ಎರಡು ಮಾತು. ಜಿಟಿ ಟಿಎಸ್‌ಐ ನಮ್ಮಲ್ಲಿ ಬಂದಿದ್ದು 2013ರಲ್ಲಿ. ಪುಣೆ ಹತ್ತಿರದ ಚಾಕಣ್ ಫ್ಯಾಕ್ಟರಿಯ ಕಾರು. 1.2 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ ಪೆಟ್ರೋಲ್. 105 ಪಿಎಸ್ ಶಕ್ತಿ, 175 ಎನ್‌ಎಂ ಟಾರ್ಕ್. ಜೊತೆಗೆ ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ ಇರುವ ಆಟೋಮ್ಯಾಟಿಕ್. ಯುರೋಪಿನ ಲೆಕ್ಕದಲ್ಲಿ ಇದು ಪೂರ್ತಿ ಹಾಟ್ ಹ್ಯಾಚ್ (ಜೋರು ಓಟದ ಸಣ್ಣ ಕಾರು) ಅಲ್ಲ, ನಿಜ. ಆದರೆ ಆಗ ಇಲ್ಲಿನ ಈ ಗಾತ್ರದ ಬೇರೆ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ಗಳಲ್ಲಿ ಹೆಚ್ಚಿನವು 80-90 ಪಿಎಸ್ ಸುತ್ತಮುತ್ತ ಇದ್ದವು. ಈ ಟಾರ್ಕ್ 1,500 ಆರ್‌ಪಿಎಂನಲ್ಲೇ ಕೈಗೆ ಸಿಗುತ್ತದೆ. ಸಂಪಾಜೆ ಘಾಟಿ ಹತ್ತುವಾಗ ಮುಂದಿನ ಲಾರಿಯನ್ನು ದಾಟೋಕೆ ಗೇರ್ ಬಗ್ಗೆ ಯೋಚನೆಯೇ ಬೇಡ. ಕಾಲು ಒತ್ತಿದರೆ ಸಾಕು, ಆಗಲೇ ದಾಟಿ ಆಗಿರುತ್ತದೆ. ಎರಡು ಏರ್‌ಬ್ಯಾಗ್, ಎಬಿಎಸ್, ಕಾರು ಜಾರದಂತೆ ತಡೆಯುವ ಇಎಸ್‌ಪಿ, ಏರಿನಲ್ಲಿ ಹಿಂದಕ್ಕೆ ಉರುಳದಂತೆ ಹಿಡಿಯುವ ಹಿಲ್ ಹೋಲ್ಡ್ ಎಲ್ಲ ಇದೆ. ಸೆಕೆಂಡ್‌ಹ್ಯಾಂಡ್ ಬೆಲೆಗೆ ಇವತ್ತು ಇಂಥ ಕಾರು ಬೇರೆ ಸಿಗೋದು ಕಷ್ಟ.

ಇನ್ನು ಗೇರ್‌ಬಾಕ್ಸ್. ಇದರ ಒಳಗಿನ ಹೆಸರು ಡಿಕ್ಯೂ200. ಎರಡೂ ಕ್ಲಚ್ ಒಣ ಕ್ಲಚ್. ತಂಪು ಮಾಡೋಕೆ ಸುತ್ತ ಎಣ್ಣೆ ಇಲ್ಲ. ಹೈವೇಯಲ್ಲಿ ಇದಕ್ಕೆ ಕೆಲಸವೇ ಇಲ್ಲ, ಕ್ಲಚ್ ಪೂರ್ತಿ ಹಿಡಿದುಕೊಂಡಿರುತ್ತದೆ. ಆದರೆ ಬೆಂಗಳೂರಿನ ಸಿಲ್ಕ್ ಬೋರ್ಡ್‌ನಂಥ ಕಡೆ ಇಂಚಿಂಚಾಗಿ ಹೋಗುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಾ ಇರುತ್ತದೆ. ಒಂದರಿಂದ ಎರಡು, ಎರಡರಿಂದ ಒಂದು, ಮತ್ತೆ ಒಂದರಿಂದ ಎರಡು. ಬಿಸಿ ಏರುತ್ತದೆ, ಸವೆತ ಜಾಸ್ತಿ ಆಗುತ್ತದೆ. ಹಾಗಾಗಿ ಔಟರ್ ರಿಂಗ್ ರೋಡಿನಲ್ಲಿ ಆಫೀಸಿಗೆ ಹೋಗಿಬಂದು 40 ಸಾವಿರ ಓಡಿದ ಕಾರಿಗಿಂತ ಹುಬ್ಬಳ್ಳಿ-ಬೆಂಗಳೂರು ಹೈವೇಯಲ್ಲಿ 90 ಸಾವಿರ ಓಡಿದ ಕಾರಿನ ಕ್ಲಚ್ ಚೆನ್ನಾಗಿರೋ ಸಾಧ್ಯತೆ ಇದೆ. ಮಾಲೀಕರ ಮನೆ ಎಲ್ಲಿ, ಆಫೀಸ್ ಎಲ್ಲಿ ಅಂತ ನೇರವಾಗಿ ಕೇಳಿ. ನಾನಂತೂ ಮೊದಲು ಕೇಳೋದೇ ಇದನ್ನು.

ಕಾರು ನೋಡೋಕೆ ಹೋಗುವಾಗ, ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿಡಿ. ಎಂಜಿನ್ ತಣ್ಣಗಿರಬೇಕು. ಡ್ರೈವರ್ ಬಾಗಿಲು ತೆಗೆದು ಸುಮ್ನೆ ನಿಂತು ಕೇಳಿಸಿಕೊಳ್ಳಿ. ಬಾನೆಟ್ ಕಡೆಯಿಂದ 'ಝೂಂ' ಅಂತ ಒಂದು ಮೋಟಾರ್ ಸದ್ದು ಬಂದು ನಿಲ್ಲುತ್ತದೆ. ಅದು ಮೆಕಾಟ್ರಾನಿಕ್, ಅಂದರೆ ಗೇರ್‌ಬಾಕ್ಸ್ ನಡೆಸುವ ಕಂಟ್ರೋಲ್ ಯೂನಿಟ್‌ನ ಪಂಪ್. ಗೇರ್‌ಗಳನ್ನೂ ಕ್ಲಚ್‌ಗಳನ್ನೂ ಸರಿಸುವ ಎಣ್ಣೆಗೆ ಅದು ಮೊದಲೇ ಒತ್ತಡ ತುಂಬಿಟ್ಟುಕೊಳ್ಳುತ್ತದೆ. ಇಷ್ಟು ಮಾಮೂಲು. ಆದರೆ ಎಂಜಿನ್ ಆನ್ ಆಗಿ ಕಾರು ನಿಂತೇ ಇರುವಾಗಲೂ ಆ ಪಂಪ್ ಮತ್ತೆ ಮತ್ತೆ ಕೂಗುತ್ತಿದ್ದರೆ ಒಳಗೆ ಎಲ್ಲೋ ಒತ್ತಡ ಸೋರುತ್ತಿದೆ ಎಂದು ಅರ್ಥ. ಆ ಒತ್ತಡ ಕೂಡಿಡುವ ಪ್ರೆಶರ್ ಅಕ್ಯುಮುಲೇಟರ್ ಕೂರುವ ಜಾಗದಲ್ಲಿ ಬಿರುಕು ಬಿಡೋದು ಈ ಗೇರ್‌ಬಾಕ್ಸ್‌ನ ಗೊತ್ತಿರುವ ಕಾಯಿಲೆ. ಪೂರ್ತಿ ಒಡೆದರೆ ಒತ್ತಡವೇ ಇಲ್ಲ, ಕಾರು ಇದ್ದಲ್ಲೇ ನಿಂತುಬಿಡುತ್ತದೆ.

ಆಮೇಲೆ ರಿವರ್ಸ್ ಹಾಕಿ. ದಡ್ ಅಂತ ಒದೆಯಬಾರದು. ಸಮತಟ್ಟು ಜಾಗದಲ್ಲಿ ಡಿ ಹಾಕಿ ಬ್ರೇಕ್ ಬಿಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಕಾರು ತಾನಾಗಿ ಮೆಲ್ಲಗೆ ಹೊರಡಬೇಕು. ನಂತರ ಯಾವುದಾದರೂ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ರ‍್ಯಾಂಪ್ ಹುಡುಕಿ ಅರ್ಧಕ್ಕೆ ನಿಲ್ಲಿಸಿ, ಮತ್ತೆ ಹತ್ತಿಸಿ. ಕ್ಲಚ್ ಸವೆದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಸೀಟಿನಡಿ ಗಡಗಡ ನಡುಕ ಬರುತ್ತದೆ, ಸ್ಟಿಯರಿಂಗ್ ಕೂಡ ಅದುರುತ್ತದೆ. ಒಂದರಿಂದ ಎರಡಕ್ಕೆ ಹೋಗುವಾಗಲೂ ಅದೇ ನಡುಕ. ಎಂಜಿನ್ ಬಿಸಿಯಾದ ಮೇಲೆ, ಅಂದರೆ ಅರ್ಧ ಗಂಟೆ ಊರೊಳಗೆ ಓಡಿಸಿದ ಮೇಲೆ, ಇದೇ ಪರೀಕ್ಷೆ ಇನ್ನೊಮ್ಮೆ ಮಾಡಿ. ತಣ್ಣಗಿದ್ದಾಗ ಸುಮ್ಮನಿದ್ದ ಗೇರ್‌ಬಾಕ್ಸ್ ಬಿಸಿಯಾದಾಗ ನಿಜ ಹೇಳುತ್ತದೆ. ಒಂದು ವಿಷಯಕ್ಕೆ ಮಾತ್ರ ಹೆದರಬೇಡಿ: ಕಿತ್ತುಹೋದ ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ಗೇರ್‌ಬಾಕ್ಸ್ ಕಡೆಯಿಂದ ಲೊಟಲೊಟ ಸದ್ದು ಬರೋದು ಚೆನ್ನಾಗಿರೋ ಕಾರಿನಲ್ಲೂ ಇದೆ. ನನ್ನದರಲ್ಲಿ ಮೊದಲ ದಿನದಿಂದಲೂ ಇದೆ, ಹೆಚ್ಚಾಗಿಲ್ಲ.

ಇಷ್ಟೆಲ್ಲ ಮಾಡಿದರೂ ಸ್ಕ್ಯಾನ್ ಇಲ್ಲದೆ ದುಡ್ಡು ಕೊಡಬೇಡಿ. ಕಾರಿನ ಕಂಪ್ಯೂಟರ್‌ಗಳನ್ನು ಓದುವ ವಿಸಿಡಿಎಸ್ ಅಥವಾ ಒಬಿಡಿಇಲೆವೆನ್ ಸ್ಕ್ಯಾನರ್ ಇಟ್ಟುಕೊಂಡಿರುವ ಮೆಕ್ಯಾನಿಕ್‌ಗಳು ನಮ್ಮ ದೊಡ್ಡ ಊರುಗಳಲ್ಲೆಲ್ಲ ಸಿಗುತ್ತಾರೆ. ಎಂಜಿನ್ ಒಂದನ್ನೇ ನೋಡಿ ಬಿಡಬಾರದು, ಎಲ್ಲ ಮಾಡ್ಯೂಲ್‌ಗಳನ್ನೂ ಓದಿಸಿ. ಗೇರ್‌ಬಾಕ್ಸ್‌ನಲ್ಲಿ ಪಿ17ಬಿಎಫ್ ಅನ್ನೋ ಕೋಡ್ ಬಂದರೆ ಅದು ಹೈಡ್ರಾಲಿಕ್ ಒತ್ತಡದ ತೊಂದರೆ. ಕ್ಲಚ್ ಎಷ್ಟು ಸವೆದಿದೆ, ಯಾವಾಗಲಾದರೂ ಅತಿಯಾಗಿ ಬಿಸಿಯಾಗಿತ್ತಾ ಅನ್ನೋ ಅಂದಾಜೂ ಅಲ್ಲೇ ಸಿಗುತ್ತದೆ. ನೀವು ಬರುವ ಹಿಂದಿನ ದಿನವೇ ಕೋಡ್ ಅಳಿಸಿಟ್ಟಿರಬಹುದು. ಅದಕ್ಕೇ ಟೆಸ್ಟ್ ಡ್ರೈವ್ ಮುಗಿದ ಮೇಲೆ ಸ್ಕ್ಯಾನ್ ಮಾಡಿಸಿ, ಮುಂಚೆ ಅಲ್ಲ. ಸ್ಕ್ಯಾನಿಗೆ ಬಿಡಲ್ಲ ಅನ್ನೋರ ಹತ್ತಿರ ವ್ಯಾಪಾರ ಬೇಡ.

ನನ್ನ ಕಾರಿಗೂ ಮೆಕಾಟ್ರಾನಿಕ್ ಕಾಟ ಬಂತು. ಒಂದು ಸಂಜೆ ಡಿಸ್‌ಪ್ಲೇಯಲ್ಲಿ ಗೇರ್ ಅಕ್ಷರಗಳು ಮಿನುಗೋಕೆ ಶುರುವಾದವು. ಎರಡು, ನಾಲ್ಕು, ಆರು, ರಿವರ್ಸ್ ಎಲ್ಲ ಒಟ್ಟಿಗೆ ಹೋದವು. ಈ ಗೇರ್‌ಬಾಕ್ಸ್‌ನಲ್ಲಿ 1, 3, 5, 7 ಒಂದು ಕ್ಲಚ್ ಮೇಲೆ, 2, 4, 6 ಮತ್ತು ರಿವರ್ಸ್ ಇನ್ನೊಂದರ ಮೇಲೆ. ಒಂದು ಕಡೆ ಕೈಕೊಟ್ಟರೆ ಇನ್ನೊಂದು ಕಡೆ ಹೇಗೋ ಮನೆ ಮುಟ್ಟಿಸುತ್ತದೆ. ನಾನು ಮುಟ್ಟಿದೆ, ಆದರೆ ಪಾರ್ಕಿಂಗ್‌ನಲ್ಲಿ ಹಿಂದಕ್ಕೆ ತಳ್ಳಬೇಕಾಯಿತು. ಮೊದಲು ತೋರಿಸಿದ ವರ್ಕ್‌ಶಾಪ್‌ನಲ್ಲಿ ಇಡೀ ಮೆಕಾಟ್ರಾನಿಕ್ ಬದಲಿಸಬೇಕು ಎಂದರು. ಅದರ ಬಿಲ್ ಲಕ್ಷ ದಾಟುತ್ತದೆ. ಕೊನೆಗೆ ಬೆಂಗಳೂರಿನಲ್ಲಿ ಡಿಎಸ್‌ಜಿ ಕೆಲಸವನ್ನೇ ಮಾಡುವ ಒಂದು ಸಣ್ಣ ಗ್ಯಾರೇಜ್‌ನಲ್ಲಿ ಬಿಚ್ಚಿ ನೋಡಿದರು. ಕೆಟ್ಟಿದ್ದು ಒಂದು ಸೊಲೆನಾಯ್ಡ್, ಅಂದರೆ ಎಣ್ಣೆಯ ದಾರಿ ತೆರೆದು ಮುಚ್ಚುವ ಸಣ್ಣ ವಿದ್ಯುತ್ ವಾಲ್ವ್. ಅದನ್ನು ಹಾಕಿ, ಎಣ್ಣೆ ಬದಲಿಸಿ, ಅಡಾಪ್ಟೇಶನ್ (ಕಂಪ್ಯೂಟರ್‌ನಲ್ಲಿ ಮರುಹೊಂದಾಣಿಕೆ) ಮಾಡಿಕೊಟ್ಟರು. ಇವತ್ತಿನವರೆಗೆ ತೊಂದರೆ ಇಲ್ಲ. ಎರಡನೇ ಅಭಿಪ್ರಾಯ ಕೇಳದೆ ಇಡೀ ಯೂನಿಟ್ ಬದಲಿಸೋಕೆ ಒಪ್ಪಬೇಡಿ. ಆದರೂ ಕಾರು ತಗೊಳ್ಳುವಾಗಲೇ ಒಂದು ದೊಡ್ಡ ರಿಪೇರಿಯ ದುಡ್ಡು ಪಕ್ಕಕ್ಕೆ ಇಟ್ಟಿರಿ. ಅಷ್ಟು ಇಡೋಕೆ ಆಗಲ್ಲ ಅಂದರೆ ಈ ಕಾರು ಸದ್ಯಕ್ಕೆ ಬೇಡ.

2013ರ ಕಾರು ನೋಡುತ್ತಿದ್ದರೆ ಇನ್ನೊಂದು ಪ್ರಶ್ನೆ ಇದೆ. ಆ ವರ್ಷದ ಕೊನೆಯಲ್ಲಿ ಕಂಪನಿ ಜಗತ್ತಿನಾದ್ಯಂತ ಈ ಏಳು ಗೇರಿನ ಡಿಎಸ್‌ಜಿಗಳನ್ನು ವಾಪಸ್ ಕರೆದು ಸಿಂಥೆಟಿಕ್ ಎಣ್ಣೆಯ ಬದಲು ಮಿನರಲ್ ಎಣ್ಣೆ ಹಾಕಿತು. ಈ ಕಾರಿಗೆ ಆ ಕೆಲಸ ಬೇಕಿತ್ತಾ, ಆಗಿದೆಯಾ ಅಂತ ಚಾಸಿ ನಂಬರ್ ಕೊಟ್ಟು ಡೀಲರ್ ಹತ್ತಿರ ಕೇಳಿ. ಸರ್ವಿಸ್ ಇತಿಹಾಸವೂ ಅಲ್ಲೇ ಗೊತ್ತಾಗುತ್ತದೆ. ಓಡೋಮೀಟರ್ ಹಿಂದಕ್ಕೆ ತಿರುಗಿಸಿದ್ದರೆ ಹಳೇ ಜಾಬ್‌ಕಾರ್ಡ್‌ನಲ್ಲಿ ಸಿಕ್ಕಿಬೀಳುತ್ತದೆ.

ರೀಮ್ಯಾಪ್, ಅಂದರೆ ಶಕ್ತಿ ಹೆಚ್ಚಿಸೋಕೆ ಎಂಜಿನ್ ಸಾಫ್ಟ್‌ವೇರ್ ಬದಲಿಸೋದು, ಅದರ ಬಗ್ಗೆಯೂ ಹೇಳಬೇಕು. ಹಳೇ ಜಿಟಿ ಇಟ್ಟುಕೊಂಡಿರೋ ಹುಡುಗರಲ್ಲಿ ತುಂಬಾ ಜನ ಸ್ಟೇಜ್ 1, ಅಂದರೆ ಮೊದಲ ಹಂತದ ರೀಮ್ಯಾಪ್ ಮಾಡಿಸಿರುತ್ತಾರೆ. ಓಡಿಸೋಕೆ ಮಜಾ ಇದೆ, ಇಲ್ಲ ಅನ್ನಲ್ಲ. ಆದರೆ ಡಿಕ್ಯೂ200 ತಡೆಯೋದೇ 250 ಎನ್‌ಎಂ ಟಾರ್ಕ್. ರೀಮ್ಯಾಪ್ ಆ ಗಡಿಯ ಹತ್ತಿರ ಹೋದಷ್ಟೂ ಕ್ಲಚ್ ಆಯಸ್ಸು ಕಡಿಮೆ. ಮಾರುವಾಗ ಮತ್ತೆ ಕಂಪನಿಯ ಮೂಲ ಸಾಫ್ಟ್‌ವೇರ್ ಹಾಕಿ ಕೊಡುವವರೂ ಇದ್ದಾರೆ. ಬೇರೆ ಇಂಟೇಕ್, ಬೇರೆ ಸೈಲೆನ್ಸರ್, ಬಾನೆಟ್ ಒಳಗೆ ಹೊಸ ಕ್ಲ್ಯಾಂಪ್‌ಗಳು ಕಂಡರೆ ವಿಷಯ ಅರ್ಥ ಮಾಡಿಕೊಳ್ಳಿ. ನಾನು ಅಂಥ ಕಾರು ತಗೊಳ್ಳಲ್ಲ, ನನ್ನದಕ್ಕೆ ಮಾಡಿಸಿಯೂ ಇಲ್ಲ.

ಎಂಜಿನ್ ನನಗೆ ಕೊಟ್ಟ ತೊಂದರೆ ಕಡಿಮೆ. ಆದರೆ 1.2 ಟಿಎಸ್‌ಐ ಹೆಸರಿನಲ್ಲಿ ಕಂಪನಿ ಎರಡು ಬಗೆಯ ಎಂಜಿನ್ ಮಾಡಿದೆ. ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸೋಕೆ ಹಳೆಯ ಇಎ111ರಲ್ಲಿ ಟೈಮಿಂಗ್ ಚೈನ್, ಹೊಸ ಇಎ211ರಲ್ಲಿ ಬೆಲ್ಟ್. ನೀವು ನೋಡುತ್ತಿರುವ ಕಾರಿನಲ್ಲಿ ಯಾವುದಿದೆ ಎಂದು ಎಂಜಿನ್ ಕೋಡ್ ನೋಡಿ ತಿಳಿದುಕೊಳ್ಳಿ. ಚೈನ್ ಆದರೆ ತಣ್ಣಗೆ ಸ್ಟಾರ್ಟ್ ಮಾಡಿದ ಕೂಡಲೇ ಬರುವ ಸದ್ದು ಗಮನಿಸಿ. ಖಣಖಣ ಅಂತ ಎಳೆದಂತೆ ಬಂದರೆ ಚೈನ್ ಸಡಿಲವಾಗಿದೆ. ಬೆಲ್ಟ್ ಆದರೆ ಬದಲಿಸಿದ ಬಿಲ್ ಕೇಳಿ. ಹತ್ತು ವರ್ಷದ ಕಾರಿಗೆ ಬಿಲ್ ಇಲ್ಲ ಅಂದರೆ ಆ ಖರ್ಚನ್ನು ನಿಮ್ಮ ಲೆಕ್ಕಕ್ಕೇ ಬರೆದುಕೊಳ್ಳಿ. ಇಎ111ರಲ್ಲಿ ಟರ್ಬೊ ಒತ್ತಡ ಹಿಡಿತದಲ್ಲಿಡುವ ವೇಸ್ಟ್‌ಗೇಟ್ ಸಿಕ್ಕಿಹಾಕಿಕೊಂಡು ಡ್ಯಾಶ್‌ಬೋರ್ಡ್‌ನಲ್ಲಿ ಇಪಿಸಿ ಅನ್ನೋ ಎಚ್ಚರಿಕೆ ದೀಪ ಹತ್ತೋದೂ ಉಂಟು. ಏರಿನಲ್ಲಿ ಫುಲ್ ಥ್ರಾಟಲ್ ಕೊಟ್ಟು ನೋಡಿ. ಎಳೆತ ಮಧ್ಯದಲ್ಲಿ ಸತ್ತುಹೋದರೆ ಟರ್ಬೊ ಕಡೆ ನೋಡಿಸಬೇಕು.

ಪೆಟ್ರೋಲ್ ನೇರವಾಗಿ ಸಿಲಿಂಡರಿಗೆ ಚಿಮ್ಮುವ ಎಂಜಿನ್ ಇದು. ಇಂಟೇಕ್ ವಾಲ್ವ್‌ಗಳನ್ನು ತೊಳೆಯೋಕೆ ಪೆಟ್ರೋಲ್ ಅಲ್ಲಿಗೆ ಬರಲ್ಲ, ಹಾಗಾಗಿ ಕಾಲಕ್ರಮೇಣ ಕಾರ್ಬನ್ ಕೂರುತ್ತದೆ. ಬೆಳಗ್ಗೆ ಐಡಲಿಂಗ್ ಒರಟಾಗಿದ್ದರೆ ಕಾರಣ ಇದೂ ಇರಬಹುದು, ಇಗ್ನಿಷನ್ ಕಾಯಿಲ್ ಕೂಡ ಇರಬಹುದು. ಕಾಯಿಲ್ ಸಣ್ಣ ಖರ್ಚು. ಎಂಜಿನ್ ಎಣ್ಣೆ ವಿಡಬ್ಲ್ಯೂ 502 00 ಗುಣಮಟ್ಟದ್ದೇ ಹಾಕಿಸಿ. ಪುಸ್ತಕದಲ್ಲಿ 15 ಸಾವಿರ ಕಿಲೋಮೀಟರಿಗೆ ಅಂತ ಇದ್ದರೂ ನಾನು ಅದರ ಅರ್ಧಕ್ಕೇ ಬದಲಿಸುತ್ತೇನೆ. ಇದು ಇ20 (ಶೇ. 20 ಎಥೆನಾಲ್ ಬೆರೆಸಿದ) ಪೆಟ್ರೋಲಿಗಾಗಿ ತಯಾರಾದ ಕಾರಲ್ಲ. ಬಾನೆಟ್ ತೆಗೆದಾಗ ಪೆಟ್ರೋಲ್ ವಾಸನೆ ಬರುತ್ತಾ, ರಬ್ಬರ್ ಪೈಪ್‌ಗಳು ಒಣಗಿ ಬಿರಿದಿವೆಯಾ ನೋಡಿಸಿ.

ಕೆಳಗಡೆ ಲಿಂಕ್ ರಾಡ್, ಲೋವರ್ ಆರ್ಮ್ ಬುಷ್, ಸ್ಟ್ರಟ್ ಮೌಂಟ್ ಇವೆಲ್ಲ ನಮ್ಮ ರೋಡ್‌ಹಂಪ್‌ಗಳ ಕೃಪೆಯಿಂದ ಸವೆದೇ ಇರುತ್ತವೆ. ದೊಡ್ಡ ವಿಷಯ ಅಲ್ಲ, ಬೆಲೆಯಲ್ಲಿ ಕಳೆದುಕೊಳ್ಳಿ. ವೆಂಟೊದಲ್ಲೂ ಇದೇ ಭಾಗಗಳು ಬಹಳಷ್ಟು ಇರೋದರಿಂದ ಸಿಗೋಕೆ ಕಷ್ಟ ಇಲ್ಲ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ, 2419 ಅಂದರೆ 2019ರ 24ನೇ ವಾರ. ಎಸಿ ಮಧ್ಯಾಹ್ನದ ಬಿಸಿಲಲ್ಲೇ ನೋಡಿ.

ನೀರಿಗೆ ಬಿದ್ದ ಕಾರು ಮಾತ್ರ ಬೇಡವೇ ಬೇಡ. 2015ರ ಚೆನ್ನೈ, 2018ರ ಕೇರಳ, 2022ರಲ್ಲಿ ನಮ್ಮ ಬೆಳ್ಳಂದೂರು ಕಡೆ, ಎಷ್ಟು ಕಾರು ಮುಳುಗಿದವು ನೋಡಿದ್ದೇವೆ ಅಲ್ವಾ? ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಮುಗಿಯಿತು. ಸೀಟಿನ ಕಂಬಿಗೆ ಹಿಡಿದ ತುಕ್ಕು, ಕಾರ್ಪೆಟ್ ಕೆಳಗಿನ ವಾಸನೆ, ಸ್ಟೆಪ್ನಿ ಗುಂಡಿಯ ಕೆಸರು ಎಲ್ಲ ನೋಡಿ. ಮಂಗಳೂರು, ಉಡುಪಿ ಕಡೆಯ ಕಾರಾದರೆ ಅಡಿಭಾಗದ ತುಕ್ಕನ್ನು ಲಿಫ್ಟ್ ಮೇಲೆ ಏರಿಸಿಯೇ ನೋಡಬೇಕು.

ದೆಹಲಿ, ಮುಂಬೈ ಕಡೆ ಅಗ್ಗಕ್ಕೆ ಸಿಗುತ್ತದೆ ಅಂತ ಓಡಬೇಡಿ. ಎನ್‌ಒಸಿ ತಂದು ಇಲ್ಲಿ ಕಾರಿನ ವಯಸ್ಸಿಗೆ ತಕ್ಕಂತೆ ಜೀವಾವಧಿ ತೆರಿಗೆ ಕಟ್ಟಬೇಕು, ಅದನ್ನು ಸೇರಿಸಿ ಲೆಕ್ಕ ಹಾಕಿ. ಇಲ್ಲಿನದೇ ಕಾರಾದರೆ ಹೆಸರು ವರ್ಗಾವಣೆಗೆ ಫಾರಂ 29, 30, ಸಾಲ ಇದ್ದಿದ್ದರೆ ಅದನ್ನು ಆರ್‌ಸಿಯಿಂದ ತೆಗೆಸೋಕೆ ಫಾರಂ 35. ಬಾಕಿ ಟ್ರಾಫಿಕ್ ದಂಡಗಳನ್ನು ಮಾರುವವರ ಕೈಯಲ್ಲೇ ಕಟ್ಟಿಸಿ. ಖಾಸಗಿ ಪೆಟ್ರೋಲ್ ಕಾರಿನ ಆರ್‌ಸಿ 15 ವರ್ಷಕ್ಕೆ. ಅಂದರೆ 2013-14ರ ಜಿಟಿಗಳಿಗೆಲ್ಲ 2028-29ಕ್ಕೆ ಎಫ್‌ಸಿ ಮಾಡಿಸಿ ಮತ್ತೆ ನೋಂದಣಿ ಮಾಡಿಸಬೇಕು, ಹಸಿರು ತೆರಿಗೆಯೂ ಸೇರುತ್ತದೆ.

ಡಿಎಸ್‌ಜಿ ಸಹವಾಸವೇ ಬೇಡ ಅನ್ನೋರು 2020ರ ನಂತರದ 1.0 ಟಿಎಸ್‌ಐ ಜಿಟಿ ನೋಡಿ. ಮೂರು ಸಿಲಿಂಡರ್, 110 ಪಿಎಸ್, ಆರು ಗೇರಿನ ಮಾಮೂಲಿ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್. ಟ್ರಾಫಿಕ್‌ಗೆ ಅದೇ ವಾಸಿ. ನಮ್ಮಲ್ಲಿ ಪೋಲೋ ತಯಾರಿಕೆ 2022ರಲ್ಲಿ ನಿಂತಿತು, ಹಾಗಾಗಿ ಅವುಗಳ ಬೆಲೆ ಅಷ್ಟು ಸುಲಭಕ್ಕೆ ಇಳಿಯುತ್ತಿಲ್ಲ. ಗೇರ್ ಬೀಳುವ ಚುರುಕು ಮಾತ್ರ ಹಳೇ ಡಿಎಸ್‌ಜಿಯದ್ದೇ. ಎಸ್ (ಸ್ಪೋರ್ಟ್) ಮೋಡ್‌ಗೆ ಹಾಕಿ ಘಾಟಿ ಇಳಿಯುವಾಗ ಅದು ಗೇರ್ ಇಳಿಸುವ ರೀತಿ ನನಗೆ ಇನ್ನೂ ಹಳೆಯದಾಗಿಲ್ಲ.

ನನ್ನ ಕಾರು ಊರೊಳಗೆ ಹತ್ತು, ಹೈವೇಯಲ್ಲಿ ಹದಿನೈದು-ಹದಿನಾರು ಮೈಲೇಜ್ ಕೊಡುತ್ತಿದೆ. ಮುಂದಿನ ಸರ್ವಿಸ್‌ಗೆ ಮುಂಭಾಗದ ಸ್ಟ್ರಟ್ ಮೌಂಟ್ ಮತ್ತು ಎಂಜಿನ್ ಮೌಂಟ್ ಬದಲಿಸಬೇಕು. ಕ್ಲಚ್ ಇನ್ನೂ ಇದೆ ಅಂತ ಹೋದ ಸಲದ ಸ್ಕ್ಯಾನ್ ಹೇಳಿದೆ. ಮಾರುವ ಯೋಚನೆ ಇಲ್ಲ.