ಬಣ್ಣ ತಪ್ಪಿದ ಬೇಟೆಹಕ್ಕಿ: ಆಪ್, ಕೈಪಿಡಿ, ಸಾಲು ಫೋಟೋ, ಯಾವುದು ಮೇಲು?

ಮಾಮೂಲಿ ಹದ್ದು, ಗರುಡ ಗುರುತಿಸಲು ಯಾರ ಸಹಾಯವೂ ಬೇಡ. ಕಷ್ಟ ಶುರುವಾಗುವುದು ಬಣ್ಣ ತಪ್ಪಿದ ಹಕ್ಕಿ ಕಂಡಾಗ. ಅಂಥದ್ದು ಸಿಕ್ಕಾಗಲೆಲ್ಲ ನಾನು ಮೂರು ದಾರಿಯನ್ನೂ ಹಿಡಿದು ನೋಡಿದ್ದೇನೆ: ಫೋಟೋ ನೋಡಿ ಹೆಸರು ಹೇಳುವ ಆಪ್, ಚಿತ್ರಗಳಿರುವ ಕೈಪಿಡಿ, ಒಂದೇ ಹಕ್ಕಿಯ ಹತ್ತಾರು ಫೋಟೋ ತೆಗೆದು ಗರಿ ಗರಿ ನೋಡುವುದು.

ಆಪ್‌ನ ದೊಡ್ಡ ಗುಣ ವೇಗ. ಬೆಳಕು ಚೆನ್ನಾಗಿದ್ದು, ಗರಿಗಳೂ ಮಾಮೂಲಿನಂತಿದ್ದರೆ ಸರಿಯಾಗಿಯೇ ಹೇಳುತ್ತದೆ. ಒಮ್ಮೆ ತಲೆ, ಎದೆ ಬೆಳ್ಳಗಿದ್ದ ಕಂದು ಹಕ್ಕಿಯ ಫೋಟೋ ಕೊಟ್ಟೆ. ಗರುಡ ಅಂತ ಬಂತು. ಬಣ್ಣ ಮಾತ್ರ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಫೋಟೋ ಹಿಗ್ಗಿಸಿ ನೋಡಿದರೆ ಬಾಲ ಕವಲೊಡೆದಿತ್ತು. ಗರುಡನ ಬಾಲದ ತುದಿ ದುಂಡಗಿರುತ್ತದೆ. ಎಡ ರೆಕ್ಕೆಯಲ್ಲಿ ಎರಡು ಗರಿ ಪೂರ್ತಿ ಬಿಳಿ, ಬಲ ರೆಕ್ಕೆಯಲ್ಲಿ ಒಂದೂ ಇಲ್ಲ. ಆ ಎರಡು ಗರಿಗಳ ತುದಿ ಮಾತ್ರ ಸವೆದು ಎಳೆ ಎಳೆಯಾಗಿತ್ತು. ಗರಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ಗಟ್ಟಿತನವನ್ನೂ ಕೊಡುತ್ತದೆ, ಅದಿಲ್ಲದ ಗರಿ ಬೇಗ ಸವೆಯುತ್ತದೆ. ಕಣ್ಣು ಕಪ್ಪಗೇ ಇತ್ತು, ಹಾಗಾಗಿ ಆಲ್ಬಿನೋ (ಮೈಯಲ್ಲಿ, ಕಣ್ಣಲ್ಲಿ ಮೆಲನಿನ್ನೇ ಇಲ್ಲದ ಹಕ್ಕಿ) ಅಲ್ಲ. ಅಲ್ಲಲ್ಲಿ ಬಣ್ಣ ಕಳೆದುಕೊಂಡ ಕರಿಹದ್ದು, ಅಂದರೆ ಕವಲುಬಾಲದ ನಮ್ಮ ಮಾಮೂಲಿ ಹದ್ದೇ ಅದು.

ಕೈಪಿಡಿ ಗೆದ್ದದ್ದು ಬೇರೆ ಕಡೆ. ಹದ್ದುಗಳ ಗುಂಪಿನಲ್ಲಿ ಕಡುಗಂದು ಹಕ್ಕಿಯೊಂದು ಸುತ್ತುತ್ತಿತ್ತು. ಗಾತ್ರ ಹೆಚ್ಚುಕಡಿಮೆ ಹದ್ದಿನಷ್ಟೇ, ಆದರೆ ಬಾಲದಲ್ಲಿ ಕವಲಿಲ್ಲ. ಆಪ್ ಒಂದು ಫೋಟೋಗೆ ಕರಿಹದ್ದು ಅಂದಿತು, ಇನ್ನೊಂದಕ್ಕೆ ಮತ್ತೇನೋ. ಕೈಪಿಡಿಯಲ್ಲಿ ಬೂಟೆಡ್ ಈಗಲ್ ಎಂಬ ಸಣ್ಣ ಬೇಟೆಹಕ್ಕಿಯ ತಿಳಿ ರೂಪ, ಕಡು ರೂಪ ಎರಡೂ ಪಕ್ಕಪಕ್ಕದಲ್ಲಿದ್ದವು. ಕತ್ತಿನ ಬುಡದಲ್ಲಿ, ರೆಕ್ಕೆ ಮೈಗೆ ಸೇರುವ ಜಾಗದಲ್ಲಿ ಆಚೆಗೊಂದು ಈಚೆಗೊಂದು ಬಿಳಿ ಚುಕ್ಕೆಗೆ ಬಾಣದ ಗುರುತು ಹಾಕಿದ್ದರು. ನನ್ನ ಫೋಟೋದಲ್ಲೂ ಆ ಚುಕ್ಕೆಗಳಿದ್ದವು, ಪುಟ್ಟ ದೀಪ ಹಚ್ಚಿಟ್ಟ ಹಾಗೆ. ಎಲ್ಲಿ ನೋಡಬೇಕು ಅಂತ ಗೊತ್ತಿಲ್ಲದಿದ್ದರೆ ಅವು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಕೈಪಿಡಿಯನ್ನು ನಾನು ಬಿಡದಿರುವುದು ಇದಕ್ಕೇ.

ಜೇನುಗೂಡಿಗೆ ಕನ್ನ ಹಾಕುವ ಬೇಟೆಹಕ್ಕಿ ಜೇನುಗಿಡುಗದ ಮುಂದೆ ಮಾತ್ರ ಕೈಪಿಡಿಯೂ ಸೋತಿತು. ಈ ಹಕ್ಕಿಯ ಮೈಬಣ್ಣ ಹೆಚ್ಚುಕಡಿಮೆ ಬಿಳಿಯಿಂದ ಕಡುಗಂದಿನವರೆಗೆ ಹೇಗೆ ಬೇಕಾದರೂ ಇರಬಹುದು. ಒಂದು ಪುಟದಲ್ಲಿ ಐದಾರು ಚಿತ್ರಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ ಅಲ್ವಾ? ನನಗೆ ಸಿಕ್ಕಿದ್ದು ಆ ಚಿತ್ರಗಳಲ್ಲಿ ಇರಲಿಲ್ಲ. ಎದೆ ತುಂಬ ಗೆರೆ, ನೋಡಿದರೆ ಹಾಕ್ ಈಗಲ್ ಎಂಬ ಬೇರೆಯೇ ಬೇಟೆಹಕ್ಕಿ ಅನ್ನಬೇಕು.

ಇಲ್ಲಿ ಕೆಲಸಕ್ಕೆ ಬಂದದ್ದು ಸಾಲು ಫೋಟೋ. ಒಂದೇ ಸುತ್ತಿನಲ್ಲಿ ತೆಗೆದ ಮೂವತ್ತರಲ್ಲಿ ನಾಲ್ಕು ಚೆನ್ನಾಗಿ ಬಂದಿದ್ದವು. ಒಂದರಲ್ಲಿ ಪಾರಿವಾಳದಂಥ ಸಣ್ಣ ತಲೆ, ಮುಂದೆ ಚಾಚಿದ ಕತ್ತು. ಇನ್ನೊಂದರಲ್ಲಿ ರೆಕ್ಕೆ ತುದಿಯ ಬೆರಳುಗರಿಗಳು ಬಿಡಿಬಿಡಿಯಾಗಿ ಕಂಡವು: ಆರು. ಯುರೋಪಿನ ಜೇನುಗಿಡುಗಕ್ಕೆ ಐದೇ, ಏಷ್ಯಾದ್ದಕ್ಕೆ ಆರು. ಮೂರನೆಯದರಲ್ಲಿ ಬಾಲಕ್ಕೆ ಎರಡು ಅಗಲ ಕಪ್ಪು ಪಟ್ಟಿ, ನಡುವೆ ತಿಳಿ ಪಟ್ಟಿ. ಕಣ್ಣೂ ಕಪ್ಪು. ಹೆಣ್ಣಿಗೆ ಹಳದಿ ಕಣ್ಣು, ಹಾಗಾಗಿ ಇದು ಗಂಡು. ನಾಲ್ಕನೆಯದರಲ್ಲಿ ರೆಕ್ಕೆಯ ಹಳೇ ಗರಿ ಮಾಸಿದ್ದವು, ಹೊಸವು ಹೊಳೆಯುತ್ತಿದ್ದವು. ಮರಿಯಾಗಿದ್ದರೆ ಎಲ್ಲ ಗರಿಗೂ ಒಂದೇ ವಯಸ್ಸು, ರೆಕ್ಕೆಯ ಅಂಚು ಸಮವಾಗಿರುತ್ತದೆ.

ಈ ದಾರಿಗೆ ಸಮಯ ಜಾಸ್ತಿ ಬೇಕು. ಹಕ್ಕಿ ದೂರವಿದ್ದರೆ ಸುಮ್ನೆ ಕಪ್ಪು ನೆರಳುಗಳ ರಾಶಿ ಸಿಗುತ್ತದೆ. ಆದರೂ ನನ್ನ ಮಟ್ಟಿಗೆ ಇದೇ ಮೊದಲು, ಕೈಪಿಡಿ ಅದರ ಪಕ್ಕದಲ್ಲೇ. ಆಪ್‌ ಅನ್ನು ಕೊನೆಗೆ ತೆಗೆಯುತ್ತೇನೆ, ಬಾಲ ಮತ್ತು ಬೆರಳುಗರಿಗಳ ಲೆಕ್ಕ ಬರೆದುಕೊಂಡ ಮೇಲೆ. ಮೊದಲೇ ಹೆಸರು ಕೇಳಿಬಿಟ್ಟರೆ ಕಣ್ಣು ಆ ಹೆಸರಿಗೆ ಹೊಂದುವುದನ್ನೇ ಹುಡುಕುತ್ತದೆ.